ಎಳ್ಳಮಾವಾಸ್ಯೆಯ ಚರಗವೂ ಮನೆಯ ಹಿರಿತನವೂ

ಮಾರ್ಗಶಿರ ಮಾಸದ ಅಮಾವಾಸ್ಯೆಯನ್ನು ನಮ್ಮ ಕಡೆಯ ಒಕ್ಕಲು ಮನೆತನಗಳವರು ಎಳ್ಳಮಾವಾಸ್ಯೆಯೆಂದು ಆಚರಿಸುವುದು ವಾಚಕರಿಗೆ ವಿದಿತವೇ ಇದೆ. ಅಂದು ಒಲೆ ಹೊತ್ತುವುದು ಮನೆಯಲ್ಲಿ, ಉಣ್ಣುವುದು ಹೊಲದಲ್ಲಿ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ, ಅದರಲ್ಲಿಯೂ ತೇರದಾಳದ ಸುತ್ತಲಿನ ಎರೆನೆಲದಲ್ಲಿ, ಬಂಧುಗಳೂ ನೆರೆಯವರೂ ದುಡಿಯುವ ಆಳುಗಳೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವ ಹಬ್ಬಗಳಲ್ಲಿ ಇದು ಹಿರಿದಾದುದು. ಈ ಹಬ್ಬದ ಮೂಲವನ್ನಾಗಲಿ, ಅದರ ಹಾಡು-ಕಥೆಗಳನ್ನಾಗಲಿ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶವಲ್ಲ. ಅರುವತ್ತು ಎಪ್ಪತ್ತು ಜನರಿಗೆ ಬಯಲಿನಲ್ಲಿ ಉಣಬಡಿಸುವ ಈ ಹೊಣೆಯು ಮುಪ್ಪಾದ ತಂದೆತಾಯಿಗಳ ಕೈಯಿಂದ ಮಕ್ಕಳು-ಸೊಸೆಯಂದಿರ ಕೈಗೆ ಬರುವ ಬಗೆ ಯಾವುದು, ಬರುವಾಗ ಏನು ಬರುತ್ತದೆ, ಏನು ಹಿಂದೆ ಉಳಿದುಹೋಗುತ್ತದೆ ಎಂಬುದಷ್ಟೇ ಇಲ್ಲಿನ ವಿಷಯ.

ಆಚರಣೆಯ ಸ್ಥೂಲರೂಪವನ್ನು ಅರಿಯದವರಿಗಾಗಿ ನಾಲ್ಕು ಮಾತು. ಹಿಂಗಾರಿ ಜೋಳವು ಹೊಡೆ ತುಂಬಿ ತೆನೆ ಬಿಚ್ಚುವ ಕಾಲವಿದು. ಬಸಿರಿಯಾದ ಮಗಳಿಗೆ ತವರಿನವರು ಬಯಕೆಯ ಬುತ್ತಿ ಒಯ್ಯುವಂತೆ, ತುಂಬಿ ನಿಂತ ಭೂತಾಯಿಗೆ ಒಕ್ಕಲಿಗನು ಬುತ್ತಿ ಒಯ್ಯುತ್ತಾನೆಂಬುದು ಇದರ ಭಾವ. ಬನ್ನಿಯ ಬುಡದಲ್ಲಿಯೋ ಬದುವಿನ ಮೇಲೆಯೋ ಐದು ಕಲ್ಲುಗಳಿಗೆ ಸುಣ್ಣ ಹಚ್ಚಿ ನಿಲ್ಲಿಸಿ, ಪಾಂಡವರೆಂದು ಪೂಜಿಸಿ, ಎಡೆಯಿಡುತ್ತಾರೆ. ತಂದ ಅಡುಗೆಯೆಲ್ಲವನ್ನೂ ಒಂದಿಷ್ಟು ಕಲಸಿ, ಒಬ್ಬನು ಅದನ್ನು ಚೆಲ್ಲುತ್ತ, ಹಿಂದಿನವನು ನೀರು ಚಿಮುಕಿಸುತ್ತ, ಕೂಗು ಹಾಕುತ್ತ ಹೊಲವನ್ನು ಸುತ್ತಿ ಬರುತ್ತಾರೆ. ಇದೇ ಚರಗ. ಯಜ್ಞದ ಹವಿಸ್ಸನ್ನು ಹೇಳುವ ಸಂಸ್ಕೃತದ ಚರು ಶಬ್ದದೊಡನೆ ಇದನ್ನು ಕೂಡಿಸುವವರುಂಟು. ಭಾಷಾವಿದ್ಯಾರ್ಥಿಗಳಿಗೆ ಇನ್ನೊಂದು ಸಂಗತಿ ಸ್ವಾರಸ್ಯಕರವಾದೀತು: ಲಾತೂರ, ಧಾರಾಶಿವ ಜಿಲ್ಲೆಗಳ ಮರಾಠಿ ರೈತರು ಇದೇ ದಿನ ಇದೇ ಬಗೆಯಲ್ಲಿ ಹೊಲಕ್ಕೆ ಹೋಗಿ ಉಂಡು ಅದನ್ನು ‘ವೇಳ ಅಮಾವಾಸ್ಯೆ’ ಎನ್ನುತ್ತಾರೆ. ಆ ‘ವೇಳ’ವು ನಮ್ಮ ‘ಎಳ್ಳ’ದ ರೂಪಾಂತರವೆಂದೇ ಅಲ್ಲಿ ಹೇಳುವುದುಂಟು. ಬೀದರ-ಕಲಬುರಗಿಗಳಲ್ಲಿ ಬಗೆಬಗೆಯ ಕಾಳು ಸೊಪ್ಪುಗಳನ್ನು ಕೂಡಿಸಿ ಬೇಯಿಸಿದ ಭಜ್ಜಿ ಈ ಊಟದ ಮುಖ್ಯ ಪದಾರ್ಥ. ನಮ್ಮಲ್ಲಿ ಆ ಸ್ಥಾನ ಎಳ್ಳು ಹಚ್ಚಿದ ಸಜ್ಜಿರೊಟ್ಟಿಗೂ ಶೇಂಗಾ ಹೋಳಿಗೆಗೂ ಸಂದಿದೆ.

ಹೊಣೆಯೆಂದೊಡನೆ ನೋಡುವವರ ಕಣ್ಣಿಗೆ ಬೀಳುವುದು ಕೆಲಸ. ಕೆಲಸವೇನೋ ಹಿರಿದೇ. ಹಬ್ಬಕ್ಕೆ ಎಂಟು ಹತ್ತು ದಿನ ಮೊದಲೇ ಜೋಳದ ರೊಟ್ಟಿ, ಸಜ್ಜಿಯ ರೊಟ್ಟಿಗಳನ್ನು ಬಡಿದು, ಸುಟ್ಟು, ಖಡಕ್ಕಾಗಿ ಒಣಗಿಸಿ ಬಟ್ಟೆಯಲ್ಲಿ ಸುತ್ತಿಡಬೇಕು. ಅಗಸಿ, ಗುರೆಳ್ಳು, ಶೇಂಗಾಗಳ ಹಿಂಡಿ ಕುಟ್ಟಬೇಕು. ಕೆಂಪು ಖಾರ ರುಬ್ಬಬೇಕು. ಎಳ್ಳಿನ ಹೋಳಿಗೆ, ಶೇಂಗಾ ಹೋಳಿಗೆಗಳು ಹಲವು ದಿನ ಕೆಡದೆ ಉಳಿಯುವುದರಿಂದ ಅವು ಎರಡು ದಿನ ಮುಂಚೆ. ಬೇಳೆಯ ಹೂರಣದ ಕಡುಬು ಮಾತ್ರ ಅಂದಿನ ಬೆಳಗಿನದೇ ಆಗಬೇಕು, ಏಕೆಂದರೆ ನಸುಕಿನಲ್ಲಿ ಮಾಡಿದ್ದು ಗಾಡಿಯಲ್ಲಿ ಮುಚ್ಚಿಟ್ಟ ಬುಟ್ಟಿಯೊಳಗೆ ಹೋಗಿ ಮಧ್ಯಾಹ್ನದ ಒಂದೆರಡು ಗಂಟೆಗೆ ಬಿಚ್ಚಲ್ಪಡುತ್ತದೆ. ಹೂರಣ ಹಸಿಯಾಗಿದ್ದರೆ ಅಷ್ಟರಲ್ಲೇ ಹಳಸುತ್ತದೆ. ಬದನೆಕಾಯಿಯ ಎಣಗಾಯಿ, ಪುಂಡಿಪಲ್ಯ, ಮಡಕಿಕಾಳಿನ ಉಸಳಿ, ಮೊಸರನ್ನ, ಇವೂ ಆ ದಿನದವೇ. ಮೆಂತ್ಯಸೊಪ್ಪು, ಉಳ್ಳಾಗಡ್ಡಿ, ಗಜ್ಜರಿ, ಸವತಿಕಾಯಿಗಳನ್ನು ಹೊಲದಲ್ಲೇ ತೊಳೆದು ಹಂಚುವುದು.

ಈ ಕೆಲಸವು ಮುಂದಿನ ತಲೆಮಾರಿಗೆ ತಾನಾಗಿಯೇ ದಾಟುತ್ತದೆ. ಮೊದಲು ರೊಟ್ಟಿಯ ಕೊಣಮಿಗೆ ಅತ್ತೆಯ ಕೈಯಿಂದ ಸೊಸೆಯ ಕೈಗೆ ಬರುತ್ತದೆ, ಏಕೆಂದರೆ ಮುಪ್ಪಿನ ಮೊಳಕಾಲು ಒಲೆಯ ಮುಂದೆ ಮೂರು ತಾಸು ಮಡಚಿ ಕೂಡಲೊಲ್ಲದು. ಬಳಿಕ ಹೂರಣ ರುಬ್ಬುವುದು, ಹೋಳಿಗೆ ಲಟ್ಟಿಸುವುದು, ಬುಟ್ಟಿ ಹೊರುವುದು. ಹೀಗೆ ಹತ್ತು ಹದಿನೈದು ವರ್ಷಗಳಲ್ಲಿ ಶ್ರಮವೆಲ್ಲ ಕಿರಿಯರದಾಗಿರುತ್ತದೆ. ಆದರೆ ಹಿರಿತನ ಇನ್ನೂ ಹಿರಿಯರದೇ. ಕಿರಿಯರು ‘ಎಲ್ಲವನ್ನೂ ನಾವೇ ಮಾಡುತ್ತಿದ್ದೇವೆ’ ಎಂದುಕೊಳ್ಳುತ್ತಾರೆ. ಅದು ಸುಳ್ಳಲ್ಲ, ಪೂರ್ಣ ಸತ್ಯವೂ ಅಲ್ಲ. ಅವರು ಮಾಡುತ್ತಿರುವುದು ಕೆಲಸ. ಎಷ್ಟು, ಯಾರಿಗೆ, ಯಾವ ಕ್ರಮದಲ್ಲಿ ಎಂಬ ಎಣಿಕೆ ಇನ್ನೂ ಒಬ್ಬ ಮುದುಕಿಯ ತಲೆಯಲ್ಲಿದೆ. ಅದು ಎಲ್ಲಿಯೂ ಬರೆದಿಲ್ಲ. ಶ್ರಮವು ದೇಹ ಸೋತಾಗ ದಾಟುತ್ತದೆ. ಎಣಿಕೆಯು ಕೇಳಿದರೆ ಮಾತ್ರ ದಾಟುತ್ತದೆ. ಕೇಳುವ ಹೊತ್ತಿಗೆ ಬಹಳ ಸಲ ಹೇಳಬೇಕಾದವರ ನೆನಪು ಮಸಳಿಸಿರುತ್ತದೆ.

ಮೊದಲು ‘ಎಷ್ಟು’ ಎಂಬುದನ್ನು ನೋಡೋಣ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಹೆಚ್ಚಾದುದನ್ನು ಮರಳಿ ಸುರಿದು ಬರುವಂತೆ ಲಕ್ಕಮ್ಮನವರು ಹೇಳಿದ ಪ್ರಸಂಗ ಶೂನ್ಯಸಂಪಾದನೆಯನ್ನು ಓದಿದವರಿಗೆ ಪರಿಚಿತ. ಅದನ್ನು ಸಂಗ್ರಹಬುದ್ಧಿಯ ನಿರಾಕರಣೆಯೆಂದು ನಾವು ಪಾಠ ಹೇಳುತ್ತೇವೆ, ಸರಿಯೇ. ಆದರೆ ಅದೇ ಪ್ರಸಂಗವನ್ನು ಅಡುಗೆಮನೆಯ ಬಾಗಿಲಿನಿಂದ ನೋಡಿದರೆ ಬೇರೊಂದು ಅಂಶ ಕಾಣುತ್ತದೆ. ಅಕ್ಕಿ ಹೆಚ್ಚಾಯಿತೆಂದು ಹೊತ್ತು ತಂದ ಮಾರಯ್ಯನಿಗೆ ತೋರಲಿಲ್ಲ. ಲಕ್ಕಮ್ಮನಿಗೆ ನೋಡಿದೊಡನೆ ತೋರಿತು. ದಿನದಿನದ ಅಳತೆ ಅವಳ ಕೈಯಲ್ಲಿತ್ತು. ತರುವವನಿಗಿಲ್ಲದ ಅರಿವು ಅಳೆಯುವವಳಿಗಿತ್ತು. ನಮ್ಮ ಸಾಹಿತ್ಯದ ವಿದ್ಯಾರ್ಥಿಗಳು ಕಾಯಕ-ದಾಸೋಹಗಳ ಚರ್ಚೆಯಲ್ಲಿ ಈ ಅಳತೆಯ ಅರಿವಿಗೆ ತಕ್ಕ ಸ್ಥಾನ ಕೊಟ್ಟಂತೆ ನನಗೆ ಕಾಣುವುದಿಲ್ಲ.

ಆ ಅಳತೆಯು ಇಂದು ದಾಟದಿರುವುದಕ್ಕೆ ಒಂದು ಸರಳ ಕಾರಣವುಂಟು. ನಮ್ಮ ತಾಯಂದಿರು ಸೇರಿನಿಂದ ಅಳೆಯುತ್ತಾರೆ, ಸೊಸೆಯಂದಿರು ಕಿಲೋದಿಂದ ತೂಗುತ್ತಾರೆ. 1956ರ ತೂಕ-ಅಳತೆಗಳ ಕಾಯಿದೆಯ ತರುವಾಯ ಪೇಟೆಗೆ ಕಿಲೋ ಬಂದಿತು. ಅಡುಗೆಮನೆಯಲ್ಲಿ ಸೇರು ಉಳಿಯಿತು. ನಮ್ಮ ಮನೆಗಳ ಸೇರು ಪಾತ್ರೆಯ ಅಳತೆ, ಕಿಲೋ ತೂಕದ ಅಳತೆ. ಒಂದೇ ಸೇರು ತುಂಬ ಎಳ್ಳು ಹಾಕಿದರೆ ಒಂದು ತೂಕ, ಶೇಂಗಾ ಹಾಕಿದರೆ ಇನ್ನೊಂದು, ಜೋಳದ ಹಿಟ್ಟು ಹಾಕಿದರೆ ಮತ್ತೊಂದು. ಆದುದರಿಂದ ‘ಒಂದು ಸೇರಿಗೆ ಎಷ್ಟು ಕಿಲೋ’ ಎಂದು ಅತ್ತೆಯನ್ನು ಕೇಳುವುದು ಉತ್ತರವಿಲ್ಲದ ಪ್ರಶ್ನೆ. ಅವಳ ಆ ಹಳೆಯ ಸೇರನ್ನೇ ಒಂದು ಮಧ್ಯಾಹ್ನ ಎದುರಿಗಿಟ್ಟುಕೊಂಡು ಒಂದೊಂದೇ ಧಾನ್ಯವನ್ನು ತುಂಬಿ ತಕ್ಕಡಿಗೆ ಹಾಕಿ ಬರೆದಿಟ್ಟುಕೊಳ್ಳುವುದೇ ಉಪಾಯ. ತುಂಬುವಾಗ ಅವಳೇ ತುಂಬಬೇಕು, ಏಕೆಂದರೆ ಕೆಲವರು ಗೋಪುರಗಟ್ಟಿ ತುಂಬುತ್ತಾರೆ, ಕೆಲವರು ಅಂಗೈಯಿಂದ ಸವರಿ ತುಂಬುತ್ತಾರೆ. ಆ ಸವರುವಿಕೆಯಲ್ಲಿ ಹತ್ತು ಜನರ ಊಟ ಅಡಗಿದೆ.

ಒಮ್ಮೆ ತೂಕ ತಿಳಿದರೆ ಮುಂದಿನ ಲೆಕ್ಕ ಕಠಿಣವಲ್ಲ. ಒಂದು ಕಿಲೋ ಜೋಳದ ಹಿಟ್ಟಿಗೆ ರೊಟ್ಟಿಯ ತೆಳುವನ್ನು ನೋಡಿ ಸುಮಾರು 16ರಿಂದ 20 ರೊಟ್ಟಿಗಳಾಗುತ್ತವೆ. ಅರುವತ್ತು ಜನರಿಗೆ ತಲೆಗೆ ಮೂರರಂತೆ 180 ರೊಟ್ಟಿ ಹಿಡಿದರೆ ಹತ್ತು ಕಿಲೋ ಹಿಟ್ಟು. ಆದರೆ ಈ ಲೆಕ್ಕವನ್ನು ಬಾಯಿಪಾಠ ಮಾಡಿದ ಸೊಸೆಯೂ ಮೊದಲ ವರ್ಷ ತಪ್ಪುವುದು ಖಚಿತ. ಅತ್ತೆಯ ಲೆಕ್ಕದಲ್ಲಿ ಹೊಲದಲ್ಲಿ ಕುಳಿತವರಷ್ಟೇ ಇರಲಿಲ್ಲ. ಬರಲಾಗದವರ ಪಾಲೂ ಇತ್ತು.

ಇದು ನಮ್ಮನ್ನು ‘ಯಾರಿಗೆ’ ಎಂಬ ಎರಡನೆಯ ಎಣಿಕೆಗೆ ತರುತ್ತದೆ. ಇದು ಮೊದಲನೆಯದಕ್ಕಿಂತ ಸೂಕ್ಷ್ಮವಾದುದು. ಚರಗದ ಊಟಕ್ಕೆ ಅಕ್ಕತಂಗಿಯರೂ ಅಳಿಯಂದಿರೂ ಬರುತ್ತಾರೆ. ಹೊಲವಿಲ್ಲದ ರಬಕವಿ-ಬನಹಟ್ಟಿಯ ನೇಕಾರ ಬಂಧುಗಳು ಮಗ್ಗ ನಿಲ್ಲಿಸಿ ಬರುತ್ತಾರೆ. ಅಯ್ಯನವರಿಗೆ ಮೊದಲ ಎಡೆ. ವರ್ಷವಿಡೀ ನೀರು ಕಟ್ಟಿದವನು, ಕಳೆ ತೆಗೆದ ಹೆಣ್ಣಾಳುಗಳು, ಎತ್ತಿಗೆ ಲಾಳ ಕಟ್ಟಿದವನು, ಬದುವಿನ ಆಚೆಗಿನ ನೆರೆಹೊಲದವನು ಇವರೆಲ್ಲ ಪಂಕ್ತಿಯಲ್ಲಿರಬೇಕು. ಬಾರದಿದ್ದರೆ ಬುತ್ತಿ ಅವರ ಮನೆಗೆ ಹೋಗಬೇಕು. ತೇರದಾಳದಂತಹ ಊರಿನಲ್ಲಿ ಇದರಲ್ಲಿ ಇನ್ನೂ ಒಂದು ನವುರು ಉಂಟು. ಮಂಡಲೀಕ ಗೊಂಕನು 1123ರಲ್ಲಿ ನೇಮಿನಾಥ ಬಸದಿಯನ್ನು ಕಟ್ಟಿಸಿದ ಊರಿದು. ಅಲ್ಲಮಪ್ರಭುವಿನ ದೇವಸ್ಥಾನವೂ ಇಲ್ಲಿಯೇ ಇದೆ. ನೆರೆಹೊಲದವರು ಜೈನರಾಗಿರುವುದು ಇಲ್ಲಿ ಸಾಮಾನ್ಯ. ಅವರಿಗಾಗಿ ಉಳ್ಳಾಗಡ್ಡಿ-ಬೆಳ್ಳುಳ್ಳಿ ಬೀಳದ ಪಲ್ಯವನ್ನು ಬೇರೆ ಗಡಿಗೆಯಲ್ಲಿ ಮಾಡುವುದು, ಗಜ್ಜರಿಯನ್ನು ಅವರ ಎಲೆಗೆ ಹಾಕದಿರುವುದು, ಹೊತ್ತು ಮುಳುಗುವ ಮುನ್ನ ಅವರ ಊಟ ಮುಗಿಯುವಂತೆ ನೋಡಿಕೊಳ್ಳುವುದು, ಇದನ್ನೆಲ್ಲ ಯಾರೂ ಹೇಳಿಕೊಡುವುದಿಲ್ಲ. ಯಜಮಾನಿ ತಾನೇ ಮಾಡಿಬಿಡುತ್ತಾಳೆ. ಮಾಡುವವಳು ಇರುವವರೆಗೆ ಅದು ಒಂದು ವಿದ್ಯೆಯೆಂದು ಮನೆಯವರಿಗೆ ತೋರುವುದೇ ಇಲ್ಲ.

ನಮ್ಮ ಮನೆಯದೇ ಸಂಗತಿಯನ್ನು ಹೇಳುವುದರಲ್ಲಿ ಸಂಕೋಚವಿಲ್ಲ. ನಮ್ಮ ತಾಯಿಗೆ 76 ತುಂಬಿದ ವರ್ಷ, ಮೊಳಕಾಲಿನ ಬೇನೆ ಹೆಚ್ಚಾಗಿ, ಟ್ರ್ಯಾಕ್ಟರಿನ ಟ್ರಾಲಿ ಏರುವುದು ಆಕೆಯಿಂದಾಗದೆಂದು ನಾವೇ ತೀರ್ಮಾನಿಸಿದೆವು. ‘ನೀನು ಮನೆಯಲ್ಲಿ ಆರಾಮಾಗಿರು, ಈ ಸಲ ನಾವು ಎಲ್ಲಾ ಮಾಡತೇವಿ’ ಎಂದು ಹೇಳಿ, ಒಬ್ಬ ಹುಡುಗಿಯನ್ನು ಜೊತೆಗೆ ಬಿಟ್ಟು ಹೊರಟೆವು. ಅಡುಗೆ ಕೊರತೆಯಾಗಲಿಲ್ಲ, ಮಿಕ್ಕಿತು. ಪೂಜೆ ಸಾಂಗವಾಯಿತು. ಸಂಜೆ ಮನೆಗೆ ಬಂದಾಗ ಆಕೆಗೆಂದು ಕಟ್ಟಿಟ್ಟುಹೋದ ಬುತ್ತಿ ಬಿಚ್ಚಿರಲಿಲ್ಲ. ಆಕೆ ಕೇಳಿದ ಮೊದಲ ಮಾತು, ‘ಕುರಿ ಕಾಯುವಾಂವಗ ಯಾರು ಕೊಟ್ರಿ?’ ಎಂದು. ಹೊಲದ ಆಚೆಯ ಪಡದಲ್ಲಿ ಪ್ರತಿ ವರ್ಷ ಕುರಿ ತರುಬುವ ಒಬ್ಬ ಮುದುಕನುಂಟೆಂದೂ, ಅವನಿಗೆ ಎರಡು ಹೋಳಿಗೆ, ನಾಲ್ಕು ರೊಟ್ಟಿ, ಒಂದು ಮುಷ್ಟಿ ಹಿಂಡಿಯನ್ನು ಆಕೆ ಪಂಕ್ತಿ ಏಳುವ ಮುನ್ನವೇ ಕಳಿಸುತ್ತಿದ್ದಳೆಂದೂ ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನಾಲ್ಕು ಮಕ್ಕಳು, ಮೂವರು ಸೊಸೆಯಂದಿರು, ಇಷ್ಟು ವರ್ಷ ಅದೇ ಬುಟ್ಟಿಯನ್ನು ಹೊತ್ತವರು. ಆಕೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ‘ನಾ ಹೇಳಿರಲಿಲ್ಲ, ನನ್ನ ತಪ್ಪು’ ಎಂದಳು. ಆ ರಾತ್ರಿ ಕಂದೀಲು ಹಿಡಿದು ನಾವಿಬ್ಬರು ಅಣ್ಣತಮ್ಮಂದಿರು ಪಡಕ್ಕೆ ಹೋದೆವು. ಕುರಿಹಟ್ಟಿ ಅಲ್ಲಿಂದ ಎದ್ದುಹೋಗಿತ್ತು.

ಇಲ್ಲಿ ನಾವು ಮಾಡಿದ ತಪ್ಪು ಎರಡು. ಎಣಿಕೆಯನ್ನು ಕೇಳದೆ ಕೆಲಸವನ್ನು ತೆಗೆದುಕೊಂಡೆವು, ಇದು ಒಂದು. ವಿಶ್ರಾಂತಿಯ ಹೆಸರಿನಲ್ಲಿ ಆಕೆಯನ್ನು ಪಂಕ್ತಿಯಿಂದಲೇ ಹೊರಗಿಟ್ಟೆವು. ಇದು ಮೊದಲನೆಯದಕ್ಕಿಂತ ದೊಡ್ಡದು. ಭಾರವನ್ನು ಇಳಿಸುವುದು ಬೇರೆ, ಸ್ಥಾನವನ್ನು ಇಳಿಸುವುದು ಬೇರೆ. ಮುಪ್ಪಿನವರು ಮೊದಲನೆಯದನ್ನು ಒಪ್ಪುತ್ತಾರೆ, ಕೆಲವೊಮ್ಮೆ ಕಾಯುತ್ತಲೂ ಇರುತ್ತಾರೆ. ಎರಡನೆಯದಕ್ಕೆ ಅವರು ಬಾಯಿಬಿಟ್ಟು ಪ್ರತಿಭಟಿಸುವುದಿಲ್ಲ. ಬುತ್ತಿ ಬಿಚ್ಚುವುದಿಲ್ಲ, ಅಷ್ಟೇ.

ಹಿರಿಯರ ಕಡೆಯಿಂದಲೂ ತೊಡಕು ಇಲ್ಲವೆಂದಲ್ಲ. ಅಳತೆಯ ಸೇರನ್ನು ಕೊನೆಯವರೆಗೂ ಕೈಬಿಡದೆ, ಸೊಸೆ ಕೇಳಿದಾಗ ‘ನೋಡಿ ಕಲಿ’ ಎಂದು ತಿರುಗಿಸಿ ಹೇಳುವ ಅತ್ತೆಯರನ್ನು ನಾವೆಲ್ಲರೂ ಕಂಡಿದ್ದೇವೆ. ಇದನ್ನು ಬರಿಯ ಹಟವೆಂದು ತಳ್ಳಿಹಾಕಲು ಬಾರದು. ಹೊಲದ ಖಾತೆಯಲ್ಲಿ ಹೆಸರಿಲ್ಲದ, ಪೇಟೆಯ ಹಣ ಕೈಗೆ ಬಾರದ ಒಬ್ಬ ಹೆಣ್ಣುಮಗಳಿಗೆ ಐವತ್ತು ವರ್ಷಗಳ ಸಂಸಾರದಲ್ಲಿ ದೊರೆತ ಅಧಿಕಾರವೆಂದರೆ ಆ ಸೇರು. ಅದನ್ನು ಕೊಟ್ಟ ಮೇಲೆ ತಾನು ಯಾರು ಎಂಬ ಪ್ರಶ್ನೆಗೆ ಮನೆಯವರು ಮೊದಲು ಉತ್ತರ ಹೇಳಬೇಕು, ಆಮೇಲೆ ಸೇರನ್ನು ಕೇಳಬೇಕು.

ಕಾಲದ ಬದಲಾವಣೆಗಳು ಈ ಹಸ್ತಾಂತರವನ್ನು ಇನ್ನಷ್ಟು ಜಟಿಲಗೊಳಿಸಿವೆ. ಕೃಷ್ಣೆ-ಘಟಪ್ರಭೆಗಳ ನೀರು ಹರಿದಂತೆಲ್ಲ ಜೋಳದ ಹೊಲಗಳು ಕಬ್ಬಿನ ತೋಟಗಳಾದವು, ಅಲ್ಲಲ್ಲಿ ಅರಿಷಿಣ. ಸಮೀರವಾಡಿಯಂತಹ ಕಾರ್ಖಾನೆಗಳು ಕಬ್ಬು ನುರಿಸುವ ಭರದ ದಿನಗಳಲ್ಲಿಯೇ ಎಳ್ಳಮಾವಾಸ್ಯೆ ಬರುತ್ತದೆ. ಕಬ್ಬಿನೊಳಗೆ ಪಂಕ್ತಿ ಕೂಡಲು ಜಾಗವಿಲ್ಲ, ಚರಗ ಚೆಲ್ಲುತ್ತ ಸುತ್ತಲು ದಾರಿಯಿಲ್ಲ. ಚರಗಕ್ಕೆಂದೇ ಬದುವಿನ ಬದಿಗೆ ನಾಲ್ಕು ಸಾಲು ಜೋಳ ಬಿಡುವವರಿದ್ದಾರೆ. ಲಾಭದ ಲೆಕ್ಕದಲ್ಲಿ ಆ ನಾಲ್ಕು ಸಾಲು ನಷ್ಟವೇ. ಆದರೂ ಹೊಲವನ್ನು ಕಬ್ಬಿಗೆ ಒಪ್ಪಿಸಿದ ಮಗನು ಆ ನಾಲ್ಕು ಸಾಲನ್ನು ತಾನಾಗಿ ಬಿತ್ತಿದರೆ, ಮುದಿ ತಂದೆಯು ಉಳಿದ ಮಾತುಗಳನ್ನೆಲ್ಲ ಕ್ಷಮಿಸಿಬಿಡುವುದನ್ನು ನಾನು ನೋಡಿದ್ದೇನೆ.

ತಿಥಿಯ ತೊಡಕು ಇನ್ನೊಂದು. 2024ನೆಯ ಇಸವಿಯಲ್ಲಿ ಎಳ್ಳಮಾವಾಸ್ಯೆ ಎರಡು ಸಲ ಬಂದಿತು: ಜನವರಿ 11, ಗುರುವಾರ, ಡಿಸೆಂಬರ್ 30, ಸೋಮವಾರ. ಮುಂದಿನದು 2025ರ ಡಿಸೆಂಬರ್ 19, ಶುಕ್ರವಾರ. ಒಂದೂ ರವಿವಾರವಲ್ಲ. ಪುಣೆಯಲ್ಲಿಯೋ ಬೆಂಗಳೂರಿನಲ್ಲಿಯೋ ನೌಕರಿಯಲ್ಲಿರುವ ಮಕ್ಕಳಿಗೆ ರಜೆಯ ಪ್ರಶ್ನೆ. ಹೊಣೆ ಹೊತ್ತ ಕಿರಿಯ ಯಜಮಾನನು ‘ಹಿಂದಿನ ರವಿವಾರವೇ ಮಾಡೋಣ’ ಎಂದರೆ ಮನೆಯಲ್ಲಿ ಎರಡು ಪಕ್ಷವಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಚರಗವನ್ನು ತಿಥಿಯಂದೇ ಮನೆಯಲ್ಲಿರುವವರು ಚೆಲ್ಲಬೇಕು. ದೂರದವರ ಪಂಕ್ತಿಯನ್ನು ರವಿವಾರಕ್ಕೆ ಇಟ್ಟುಕೊಂಡರೆ ದೋಷವಿಲ್ಲ. ಭೂಮಿಯ ಬಯಕೆಗೆ ಕಾಯುವ ವ್ಯವಧಾನವಿಲ್ಲ, ಬಂಧುಗಳ ಹಸಿವಿಗೆ ಉಂಟು. ಇದನ್ನು ಒಪ್ಪದ ಹಿರಿಯರಿದ್ದಾರೆ, ಅವರೊಡನೆ ವಾದಿಸುವುದಿಲ್ಲ.

ಹೊಲ ಹಿಸ್ಸೆಯಾದ ಮೇಲೆ ಯಾರ ಮನೆಯಲ್ಲಿ ಬುಟ್ಟಿ ತುಂಬಬೇಕೆಂಬುದು ಬಹಳ ಮನೆತನಗಳಲ್ಲಿ ಬಾಯಿಗೆ ಬಾರದೆ ಒಳಗೇ ಕುದಿಯುವ ವಿಷಯ. ಐದು ಕಲ್ಲು ಯಾರ ಪಾಲಿನ ಹೊಲದಲ್ಲಿ ಉಳಿದವೋ ಅವರಿಗೆ ಹಿರಿತನವೆಂದು ಕೆಲವರು, ತಂದೆತಾಯಿ ಯಾರ ಒಲೆಯಲ್ಲಿ ಉಣ್ಣುತ್ತಾರೋ ಅವರಿಗೆಂದು ಕೆಲವರು. ಎರಡನೆಯದೇ ನ್ಯಾಯವೆಂದು ತೋರುತ್ತದೆ, ಏಕೆಂದರೆ ಎಣಿಕೆ ಇರುವುದು ಕಲ್ಲಿನಲ್ಲಿ ಅಲ್ಲ. ಇದಕ್ಕಿಂತ ಹರಿತವಾದುದು ಹೆಣ್ಣುಮಕ್ಕಳ ಪ್ರಶ್ನೆ. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆ ತಿದ್ದುಪಡಿಯಾಗಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲಿನ ಹಕ್ಕು ಬಂದಿತು. ಕರ್ನಾಟಕದ ಸ್ವಂತ ತಿದ್ದುಪಡಿ ಅದಕ್ಕೂ ಹಿಂದಿನದು. ಹಳ್ಳಿಗಳಲ್ಲಿ ಹಲವರು ಅಣ್ಣತಮ್ಮಂದಿರ ಹೆಸರಿಗೆ ಹಕ್ಕು ಬಿಟ್ಟುಕೊಟ್ಟು ಸಹಿ ಹಾಕಿದ್ದಾರೆ. ಆ ಹೊಲದಲ್ಲಿ ಅವರಿಗೆ ಇನ್ನು ಉಳಿದಿರುವುದು ವರ್ಷಕ್ಕೊಂದು ಎಲೆ. ತಾಯಿ ಇರುವವರೆಗೆ ಆ ಕರೆ ತಪ್ಪುವುದಿಲ್ಲ. ಹೊಣೆ ಬದಲಾದ ವರ್ಷ, ‘ಮರೆತೆವು, ಗಡಿಬಿಡಿಯಾಯಿತು’ ಎಂದು ಅಣ್ಣನ ಮನೆಯವರು ಹೇಳಿದರೆ ಯಾವ ತಂಗಿಯೂ ಅದನ್ನು ಮರೆವೆಂದು ನಂಬುವುದಿಲ್ಲ. ನಂಬಬೇಕಾದ ಕಾರಣವೂ ಇಲ್ಲ. ಆದುದರಿಂದ ಹೊಸದಾಗಿ ಹಿರಿತನ ವಹಿಸಿದವರು ಅಡುಗೆಯ ಸಾಮಾನಿನ ಪಟ್ಟಿಗಿಂತ ಮೊದಲು ಕರೆಯುವವರ ಪಟ್ಟಿಯನ್ನು ಬರೆಯಬೇಕು. ಮೊದಲ ಕರೆ ಹೆಣ್ಣುಮಕ್ಕಳ ಮನೆಗಳಿಗೆ ಹೋಗಬೇಕು, ಅದೂ ತಾಯಿಯ ಬಾಯಿಂದಲೇ. ದೂರವಾಣಿ ಇರುವ ಈ ಕಾಲದಲ್ಲಿ ಅದಕ್ಕೆ ಆಕೆ ಎದ್ದು ನಡೆಯಬೇಕಾಗಿಲ್ಲ.

ಮರುವರ್ಷ ನಾವು ಹಾಗೆಯೇ ಮಾಡಿದೆವು. ಹಬ್ಬಕ್ಕೆ ತಿಂಗಳಿರುವಾಗಲೇ ನಮ್ಮ ಕಿರಿಯ ಸೊಸೆ ಒಂದು ನೂರು ಹಾಳೆಯ ನೋಟುಪುಸ್ತಕ ಹಿಡಿದು ಆಕೆಯ ಹಾಸಿಗೆಯ ಬಳಿ ನಾಲ್ಕು ಸಂಜೆ ಕುಳಿತಳು. ಆಕೆ ಹೆಸರುಗಳನ್ನು ಊರಿನ ಓಣಿಗಳ ಕ್ರಮದಲ್ಲಿ ಹೇಳಲಿಲ್ಲ, ಬಂಧುತ್ವದ ಕ್ರಮದಲ್ಲಿಯೂ ಹೇಳಲಿಲ್ಲ. ಹೊಲಕ್ಕೆ ಹೋಗುವ ದಾರಿಯ ಕ್ರಮದಲ್ಲಿ ಹೇಳಿದಳು. ಮೊದಲ ತಿರುವಿನ ಮನೆ, ಹಳ್ಳದ ದಂಡೆಯ ಗುಡಿಸಲು, ಬಾವಿಯ ಹೊಲದವರು, ಹೀಗೆ. ನಡೆದು ಹೋಗುತ್ತಿದ್ದ ದಿನಗಳಲ್ಲಿ ಬುಟ್ಟಿ ಹೊತ್ತು ದಾರಿಯುದ್ದಕ್ಕೂ ಕರೆಯುತ್ತ ಹೋದವಳ ನೆನಪು ಅದು. ಟ್ರಾಲಿಯಲ್ಲಿ ಹತ್ತು ನಿಮಿಷದಲ್ಲಿ ಮುಟ್ಟುವ ನಮಗೆ ಆ ದಾರಿಯ ಮನೆಗಳು ಕಾಣಿಸಿದ್ದೇ ಇಲ್ಲ. ಪಟ್ಟಿ ಮುಗಿದಾಗ ನಾವು ತಿಳಿದಿದ್ದಕ್ಕಿಂತ ಹದಿನಾಲ್ಕು ಹೆಸರು ಹೆಚ್ಚಿದ್ದವು. ಅವರಲ್ಲಿ ಐವರು ತೀರಿಹೋಗಿದ್ದರು. ‘ಅವರ ಮನ್ಯಾಗಿನವರಿಗೆ ಕೊಡ್ರಿ’ ಎಂದಳು.

ಟ್ರಾಲಿಯಲ್ಲಿ ಒಂದು ಕುರ್ಚಿಯನ್ನು ಹಗ್ಗದಿಂದ ಬಿಗಿದು ಆಕೆಯನ್ನು ಕರೆದೊಯ್ದೆವು. ಹೊಲದಲ್ಲಿ ಬನ್ನಿಯ ನೆರಳಿನಲ್ಲಿ ಕುರ್ಚಿ ಇಳಿಸಿ, ಬುಟ್ಟಿಗಳನ್ನೆಲ್ಲ ಆಕೆಯ ಎದುರಿಗೆ ಇಟ್ಟೆವು. ಬಡಿಸುವವರು ಸೊಸೆಯಂದಿರೇ. ಪ್ರತಿ ಬುಟ್ಟಿಯ ಬಟ್ಟೆಯನ್ನು ಮೊದಲು ಬಿಚ್ಚುವುದು ಮಾತ್ರ ಆಕೆ. ಕಡುಬಿನ ಬುಟ್ಟಿ ಬಿಚ್ಚಿ, ಒಂದನ್ನು ಮುರಿದು ಮೂಸಿ, ‘ಹೂರಣ ಹಸಿ ಉಳದೈತಿ, ಇದನ್ನ ಮೊದಲ ಬಡಿಸ್ರಿ, ಹೋಳಿಗಿ ಆಮ್ಯಾಲ’ ಎಂದಳು. ಹಾಗೆಯೇ ಬಡಿಸಿದೆವು. ಪಂಕ್ತಿ ಏಳುವ ಮುನ್ನ ಕಿರಿಯ ಸೊಸೆ ಪುಸ್ತಕ ನೋಡದೆ ಎರಡು ಹೋಳಿಗೆ, ನಾಲ್ಕು ರೊಟ್ಟಿ, ಒಂದು ಮುಷ್ಟಿ ಹಿಂಡಿಯನ್ನು ಕಟ್ಟಿ, ಹುಡುಗನೊಬ್ಬನನ್ನು ಪಡದ ಕಡೆಗೆ ಓಡಿಸಿದಳು.